ಮನದ ಮಾತು: ಮಹಾಪಿಡುಗಿನ ದಿನಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ಪ್ರಶ್ನೆಗಳು

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಮಹಾಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ರಂದು. ಮುಂದಿನ ತಿಂಗಳು ಯುನೆಸ್ಕೋ ನೀಡಿದ ಲೆಕ್ಕದಂತೆ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 150 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗುಳಿದಿದ್ದರು. ಈ ಅಂಕಣಕ್ಕೆ ಪತ್ರಗಳು ಬಂದ ಹೊತ್ತಿಗೆ ಕೆಲವು ಕಾಲೇಜುಗಳು ಮತ್ತೆ ತೆರೆದಿದ್ದವು, ಕೆಲವು ಕಡೆ ಪಾಠ ಇನ್ನೂ ಪರದೆಯ ಮೇಲೆಯೇ ನಡೆದಿತ್ತು. ಆ ಪತ್ರಗಳ ಕಟ್ಟನ್ನು ಬಿಡಿಸಿ ಓದುತ್ತ ಹೋದಾಗ ಗಮನಕ್ಕೆ ಬಂದ ಸಂಗತಿಯೊಂದಿದೆ: ಬರೆದ ವಿದ್ಯಾರ್ಥಿಗಳಲ್ಲಿ ಬಹುತೇಕ ಎಲ್ಲರೂ ದೂರಿರುವುದು ರೋಗವನ್ನಲ್ಲ, ಕಾಲೇಜನ್ನೂ ಅಲ್ಲ, ತಮ್ಮನ್ನೇ. ಆ ದೂರು ಎಷ್ಟು ಸರಿ ಎಂಬುದನ್ನು ಮೊದಲು ನೋಡಬೇಕಾಗಿದೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ಮೊದಲು ಪುಸ್ತಕ ಹಿಡಿದರೆ ಎರಡು ಗಂಟೆ ಏಳದೆ ಓದುತ್ತಿದ್ದವನು ಈಗ ಹತ್ತು ನಿಮಿಷಕ್ಕೊಮ್ಮೆ ಫೋನ್ ತೆರೆಯುತ್ತೇನೆ. ಬೆಳಗಿನ ಆನ್‌ಲೈನ್ ತರಗತಿಗೆ ಹಾಸಿಗೆಯಲ್ಲೇ ಲಾಗಿನ್ ಆಗಿ, ಹಾಜರಿ ಕೂಗಿದಾಗ ಮ್ಯೂಟ್ ತೆಗೆದು ‘ಎಸ್ ಸರ್’ ಎಂದು ಹೇಳಿ ಮತ್ತೆ ನಿದ್ದೆಹೋಗುತ್ತೇನೆ. ರಾತ್ರಿ ಮೂರಾದರೂ ಕಣ್ಣು ಮುಚ್ಚುವುದಿಲ್ಲ. ಮನೆಯಲ್ಲಿ ಸೋಮಾರಿ ಎನ್ನುತ್ತಾರೆ, ಗೆಳೆಯನೊಬ್ಬ ಇದು ಡಿಪ್ರೆಶನ್ ಎನ್ನುತ್ತಾನೆ. ಯಾವುದು ನಿಜ?

ಉತ್ತರ: ನಿಮ್ಮ ಪತ್ರದಿಂದ ನನಗೆ ತಿಳಿಯುವ ಮಟ್ಟಿಗೆ ಎರಡೂ ಅಲ್ಲದಿರಬಹುದು. ಕಾಲೇಜಿಗೆ ಹೋಗುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಎಂಟು ಗಂಟೆಗೆ ಏಳದಿದ್ದರೆ ಬಸ್ಸು ತಪ್ಪುತ್ತಿತ್ತು. ಒಂದು ತರಗತಿಯಿಂದ ಇನ್ನೊಂದಕ್ಕೆ ನಡೆಯುವಾಗ ಮೈಗೆ ಬಿಸಿಲು ತಾಗುತ್ತಿತ್ತು. ಪಕ್ಕದಲ್ಲಿ ಕೂತವನು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದರಿಂದ ನೀವೂ ಬರೆದುಕೊಳ್ಳುತ್ತಿದ್ದಿರಿ. ಇವುಗಳಲ್ಲಿ ಯಾವುದನ್ನೂ ನೀವು ಸಂಕಲ್ಪ ಮಾಡಿ ಮಾಡುತ್ತಿರಲಿಲ್ಲ. ನಿಮ್ಮ ಏಕಾಗ್ರತೆಯ ದೊಡ್ಡ ಭಾಗವನ್ನು ಹೊತ್ತಿದ್ದುದು ನಿಮ್ಮ ಛಲವಲ್ಲ, ದಿನದ ಈ ಕಟ್ಟು. ಅದು ಒಂದೇ ವಾರದಲ್ಲಿ ಕಳಚಿಬಿದ್ದ ಮೇಲೆ ಎಲ್ಲವನ್ನೂ ಮನೋಬಲದಿಂದಲೇ ನಡೆಸಬೇಕಾಗಿ ಬಂದಿದೆ, ಮತ್ತು ಅಷ್ಟು ಮನೋಬಲ ಯಾರಲ್ಲಿಯೂ ಇರುವುದಿಲ್ಲ.

ನಿದ್ರೆಯಿಂದ ಆರಂಭಿಸೋಣ, ಏಕೆಂದರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ 2020ರಲ್ಲಿ ನಡೆದ ಅಧ್ಯಯನವೊಂದರಲ್ಲಿ, ಮನೆಯಿಂದ ಪಾಠ ಕೇಳತೊಡಗಿದ ವಿದ್ಯಾರ್ಥಿಗಳು ವಾರದ ದಿನಗಳಲ್ಲಿ ಮೊದಲಿಗಿಂತ ಸರಾಸರಿ ಅರ್ಧ ಗಂಟೆ ಹೆಚ್ಚು ನಿದ್ರಿಸುತ್ತಿದ್ದರು, ಆದರೆ ಅವರ ನಿದ್ರೆಯ ವೇಳೆ ಸುಮಾರು 50 ನಿಮಿಷ ತಡವಾಗಿತ್ತು. ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ ದೇಹದ ಗಡಿಯಾರ ಸಹಜವಾಗಿಯೇ ತಡರಾತ್ರಿಯ ಕಡೆಗೆ ವಾಲಿರುತ್ತದೆ. ಬೆಳಗಿನ ಬೆಳಕು ಅದನ್ನು ದಿನವೂ ಹಿಂದಕ್ಕೆ ಎಳೆದು ಸರಿಮಾಡುತ್ತದೆ. ಹತ್ತೂವರೆಯವರೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿ, ಮಧ್ಯರಾತ್ರಿ ಫೋನಿನ ಬೆಳಕಿಗೆ ಮುಖವೊಡ್ಡಿದರೆ ಗಡಿಯಾರಕ್ಕೆ ಸಿಗುವ ಸೂಚನೆ ತಿರುವುಮುರುವಾಗುತ್ತದೆ. ಆದ್ದರಿಂದ ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡಿ, ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ. ರಾತ್ರಿ ಎಷ್ಟು ತಡವಾಗಿ ಮಲಗಿದ್ದರೂ, ಭಾನುವಾರವಾದರೂ, ಅದೇ ಹೊತ್ತಿಗೆ ಎದ್ದು ಇಪ್ಪತ್ತು ಮೂವತ್ತು ನಿಮಿಷ ಹೊರಗಿನ ಬೆಳಕಿನಲ್ಲಿರಿ. ಮೊದಲ ವಾರ ಹಗಲೆಲ್ಲ ತೂಕಡಿಕೆ ಬರುತ್ತದೆ. ಮಧ್ಯಾಹ್ನ ಮಲಗಿಬಿಟ್ಟರೆ ಬೆಳಗಿನ ಶ್ರಮ ವ್ಯರ್ಥ. ಹಾಸಿಗೆಯಲ್ಲಿ ಕೂತು ತರಗತಿ ಕೇಳುವುದನ್ನೂ ಬಿಡಿ. ಕುರ್ಚಿ ಇಲ್ಲದಿದ್ದರೆ ನೆಲದ ಮೇಲೆ ಗೋಡೆಗೆ ಒರಗಿ ಕುಳಿತರೂ ಆದೀತು.

ಇನ್ನು ಓದು. ಉತ್ಸಾಹ ಬಂದ ಮೇಲೆ ಓದುತ್ತೇನೆ ಎಂದು ಕಾಯುವುದು ಇಂಥ ದಿನಗಳಲ್ಲಿ ಫಲಿಸುವುದಿಲ್ಲ. ಮನಸ್ಸು ಕುಗ್ಗಿದವರು ಹಿತವೆನಿಸುವ ಕೆಲಸಗಳಿಂದ ದೂರ ಸರಿಯುತ್ತಾರೆ, ಹಾಗೆ ಸರಿದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿಯೇ ವಿವರಿಸಿದ್ದರು. ಕೆಲಸವನ್ನು ಮೊದಲು ಆರಂಭಿಸಿ ಉತ್ಸಾಹ ಹಿಂದಿನಿಂದ ಬರಲು ಬಿಡುವ ಚಿಕಿತ್ಸಾಕ್ರಮ ಈ ವಿಚಾರದ ಮೇಲೆ ಬೆಳೆದು ಬಂದಿದೆ. ನಿಮ್ಮ ಪಾಲಿಗೆ ಅದರ ಅರ್ಥ ಇಷ್ಟೇ: ಫೋನನ್ನು ಬೇರೆ ಕೋಣೆಯಲ್ಲಿಟ್ಟು ಇಪ್ಪತ್ತೈದು ನಿಮಿಷ ಓದಿ, ಎದ್ದು ನಡೆದಾಡಿ, ಮತ್ತೆ ಕುಳಿತುಕೊಳ್ಳಿ. ಸಾಧ್ಯವಾದರೆ ಸಹಪಾಠಿಯೊಬ್ಬನಿಗೆ ಕರೆ ಮಾಡಿ, ಇಬ್ಬರೂ ಮಾತನಾಡದೆ, ಕರೆಯನ್ನು ಹಾಗೇ ಬಿಟ್ಟುಕೊಂಡು ಒಟ್ಟಿಗೆ ಓದಿ. ಕೇಳಲು ವಿಚಿತ್ರವೆನಿಸಿದರೂ ಪಕ್ಕದ ಬೆಂಚಿನ ಕೆಲಸವನ್ನು ಅದು ಸ್ವಲ್ಪ ಮಟ್ಟಿಗೆ ಮಾಡುತ್ತದೆ.

ಇಷ್ಟಾದರೂ ನಿಮ್ಮ ಗೆಳೆಯನ ಮಾತನ್ನು ತಳ್ಳಿಹಾಕಲಾರೆ. ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ರೆ, ಹಸಿವು, ಆಯಾಸ, ತನ್ನ ಬಗ್ಗೆ ಕೀಳುಭಾವ ಮೊದಲಾದವು ಎಷ್ಟು ದಿನ ಕಾಡಿದವು ಎಂದು ಅದು ಕೇಳುತ್ತದೆ. ಒಟ್ಟು ಅಂಕ 27; 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ವಿವರವಾಗಿ ಪರೀಕ್ಷಿಸುವುದು ಒಳ್ಳೆಯದು. ಅಂಕವೇ ರೋಗನಿರ್ಣಯವಲ್ಲ. ಆದರೆ ಗೆಳೆಯರ ಫೋನ್ ಬಂದಾಗಲೂ, ಮೆಚ್ಚಿನ ಆಟ ನೋಡುವಾಗಲೂ ಒಳಗೆ ಏನೂ ಅನಿಸದಂಥ ಸ್ಥಿತಿ ಎರಡು ವಾರ ದಾಟಿದ್ದರೆ, ದಿನಚರಿ ಸರಿಪಡಿಸುವುದರ ಜೊತೆಗೆ ಮನೋವೈದ್ಯರನ್ನೂ ಕಾಣಿ. ಮನೆಯವರು ಹೇಳುವ ಸೋಮಾರಿತನದ ಬಗ್ಗೆ ಒಂದು ಮಾತು: ಸೋಮಾರಿಗೆ ಕೆಲಸ ತಪ್ಪಿಸಿಕೊಂಡಾಗ ಸುಖವಿರುತ್ತದೆ. ನಿಮ್ಮ ಪತ್ರದಲ್ಲಿ ಸುಖದ ಸುಳಿವು ನನಗೆ ಕಾಣಲಿಲ್ಲ.

ಪ್ರಶ್ನೆ: ವಿಡಿಯೋ ತರಗತಿಯಲ್ಲಿ ಕ್ಯಾಮೆರಾ ಆನ್ ಮಾಡಿದರೆ ಪಾಠವೇ ತಲೆಗೆ ಹೋಗುವುದಿಲ್ಲ. ಮೂಲೆಯ ಚೌಕದಲ್ಲಿ ಕಾಣುವ ನನ್ನ ಮುಖವನ್ನೇ ನೋಡುತ್ತಿರುತ್ತೇನೆ. ಮೂಗು, ಕೂದಲು, ಹಿಂದೆ ಕಾಣುವ ಗೋಡೆಯ ಬಿರುಕು ಎಲ್ಲವೂ ಕಣ್ಣಿಗೆ ಚುಚ್ಚುತ್ತವೆ. ನಾಲ್ಕು ತರಗತಿ ಮುಗಿಯುವಷ್ಟರಲ್ಲಿ ತಲೆ ಸಿಡಿಯುತ್ತದೆ. ಇದು ಕೀಳರಿಮೆಯೇ? – ಬಿ.ಕಾಂ. ವಿದ್ಯಾರ್ಥಿನಿ

ಉತ್ತರ: ದಿನಕ್ಕೆ ನಾಲ್ಕು ಗಂಟೆ ಕನ್ನಡಿ ಹಿಡಿದುಕೊಂಡು ಪಾಠ ಕೇಳಿ ಎಂದರೆ ಯಾರಿಗಾದರೂ ಹೀಗೆಯೇ ಆಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಸಭೆಗಳ ದಣಿವಿಗೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ತೀರಾ ಹತ್ತಿರದಿಂದ ಎಲ್ಲರೂ ನಮ್ಮನ್ನೇ ದಿಟ್ಟಿಸುತ್ತಿರುವಂತೆ ಕಾಣುವುದು, ನಮ್ಮ ಮುಖ ನಮಗೇ ಸದಾ ಕಾಣುತ್ತಿರುವುದು, ಅಲುಗಾಡದೆ ಒಂದೇ ಚೌಕಟ್ಟಿನಲ್ಲಿ ಕೂರಬೇಕಾಗುವುದು, ಮತ್ತು ಎದುರಿಗಿದ್ದಾಗ ಸಲೀಸಾಗಿ ಗ್ರಹಿಸುವ ತಲೆಯಾಡಿಸುವಿಕೆ, ಮುಖಭಾವಗಳನ್ನು ಪರದೆಯಲ್ಲಿ ಪ್ರಯತ್ನಪೂರ್ವಕವಾಗಿ ಓದಬೇಕಾಗುವುದು. ನಿಮ್ಮ ತಂತ್ರಾಂಶದಲ್ಲಿ ಸ್ವಂತ ಚಿತ್ರವನ್ನು ನಿಮಗೆ ಮಾತ್ರ ಕಾಣದಂತೆ ಮರೆಮಾಡುವ ಆಯ್ಕೆ ಇದೆಯೇ ನೋಡಿ, ಇದ್ದರೆ ಇವತ್ತೇ ಬಳಸಿ. ವಿಂಡೋವನ್ನು ಅರ್ಧಕ್ಕೆ ಇಳಿಸಿ. ಪ್ರಶ್ನೋತ್ತರದ ಹೊತ್ತಿನಲ್ಲಿ ಮಾತ್ರ ಕ್ಯಾಮೆರಾ ಹಾಕಲು ಅನುಮತಿ ಕೊಡಿ ಎಂದು ಅಧ್ಯಾಪಕರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಹಿಂದಿನ ಗೋಡೆಯ ಬಿರುಕು ನಾಚಿಕೆಪಡಬೇಕಾದ ವಿಷಯವಲ್ಲ. ಆದರೂ ಸಹಪಾಠಿಗಳ ಮನೆಗಳು ಒಂದೇ ಪರದೆಯಲ್ಲಿ ಅಕ್ಕಪಕ್ಕ ಕಾಣುವಾಗ ಹೋಲಿಕೆಯ ನೋವು ನಿಜವೇ. ಎಲ್ಲರೂ ಕಡ್ಡಾಯವಾಗಿ ಕ್ಯಾಮೆರಾ ಹಾಕಬೇಕೆಂಬ ನಿಯಮ ನನಗೆ ಹಿಡಿಸದಿರುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತು ವರ್ಷ. ಹಾಸ್ಟೆಲಿನಿಂದ ಮನೆಗೆ ಬಂದಾಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಾನೆ. ಊಟಕ್ಕೆ ಕರೆದರೆ ತಟ್ಟೆ ಒಳಗೆ ತೆಗೆದುಕೊಂಡು ಹೋಗುತ್ತಾನೆ. ಏನಾಯಿತಪ್ಪ ಎಂದರೆ ‘ಏನಿಲ್ಲಮ್ಮ’ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಗದರಿಸಲೋ ಸುಮ್ಮನಿರಲೋ ತಿಳಿಯದು.

ಉತ್ತರ: ಎರಡೂ ಬೇಡಮ್ಮ. ಇಪ್ಪತ್ತರ ಹುಡುಗ ಹಾಸ್ಟೆಲಿನಲ್ಲಿ ತನ್ನ ಹೊತ್ತು, ತನ್ನ ಹಣ, ತನ್ನ ಸ್ನೇಹ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದವನು. ಮನೆಗೆ ಬಂದೊಡನೆ ಮತ್ತೆ ಹೈಸ್ಕೂಲು ಹುಡುಗನಾಗಿಬಿಟ್ಟಿದ್ದಾನೆ. ಆ ಬಾಗಿಲು ಅವನಿಗೆ ಉಳಿದಿರುವ ಏಕೈಕ ಸ್ವಾತಂತ್ರ್ಯವಿರಬಹುದು. ಒಳಗಿದ್ದುಕೊಂಡೇ ಗೆಳೆಯರೊಡನೆ ನಗುತ್ತಾನೆಯೇ, ಆಟವಾಡುತ್ತಾನೆಯೇ, ಸ್ನಾನ, ಬಟ್ಟೆಗಳ ಕಡೆ ಗಮನವಿದೆಯೇ ಎಂದು ನೋಡಿ. ಇದ್ದರೆ ಅಷ್ಟು ಗಾಬರಿಪಡಬೇಕಿಲ್ಲ. ತಟ್ಟೆಯ ಊಟ ಹಾಗೇ ಮರಳಿ ಬರುತ್ತಿದ್ದರೆ, ವಾರಗಟ್ಟಲೆ ಸ್ನಾನವಿಲ್ಲದಿದ್ದರೆ, ಒಬ್ಬನೇ ಮಾತನಾಡಿಕೊಳ್ಳುವುದು, ಯಾರೋ ತನ್ನನ್ನು ಗಮನಿಸುತ್ತಿದ್ದಾರೆಂಬ ಅನುಮಾನ, ಗೆಳೆಯರನ್ನೂ ದೂರವಿಡುವುದು ಕಂಡರೆ ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ರೊನಾಲ್ಡ್ ಕೆಸ್ಲರ್ ನೇತೃತ್ವದಲ್ಲಿ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಬದುಕಿನಲ್ಲಿ ಕಾಡುವ ಮಾನಸಿಕ ಕಾಯಿಲೆಗಳ ಪೈಕಿ ಮುಕ್ಕಾಲು ಪಾಲು 24ನೇ ವಯಸ್ಸಿನೊಳಗೆ ತಲೆದೋರುತ್ತವೆ. ಬೇಗ ಗುರುತಿಸಿದರೆ ಚಿಕಿತ್ಸೆಯೂ ಸುಲಭ.

ಮಾತಿಗೆಳೆಯುವ ಬಗೆ ಬೇರೆಯಿರಲಿ. ಎದುರು ಕೂರಿಸಿಕೊಂಡು ‘ಏನಾಯಿತು’ ಎಂದು ಕೇಳಿದರೆ ಅದು ವಿಚಾರಣೆಯಾಗುತ್ತದೆ. ಸಾಮಾನು ತರಲು, ಗಾಡಿ ತೊಳೆಯಲು, ಯಾವುದಾದರೂ ಕೈಕೆಲಸಕ್ಕೆ ಜೊತೆಗೆ ಕರೆಯಿರಿ. ಮುಖ ನೋಡದೆ ಒಂದೇ ಕಡೆ ನೋಡುತ್ತ ಕೆಲಸ ಮಾಡುವಾಗ ಹುಡುಗರು ಮಾತನಾಡುತ್ತಾರೆ. ಅವನು ಏನಾದರೂ ಹೇಳಿದರೆ ತಕ್ಷಣ ಉಪಾಯ ಸೂಚಿಸಬೇಡಿ. ಬೇರೆಯವರ ಮಕ್ಕಳ ಹೋಲಿಕೆ ಮಾತ್ರ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ: ಅಪ್ಪ ಆಸ್ಪತ್ರೆಗೆ ಸೇರಿದ ಹನ್ನೊಂದನೇ ದಿನ ತೀರಿಕೊಂಡರು. ನಮ್ಮನ್ನು ಒಳಗೆ ಬಿಡಲಿಲ್ಲ, ಮುಖ ಕೂಡ ನೋಡಲಾಗಲಿಲ್ಲ. ಅದೇ ವಾರ ನನಗೆ ಆನ್‌ಲೈನ್ ಪರೀಕ್ಷೆಯಿತ್ತು, ಬರೆದೆ, ಪಾಸಾದೆ. ಎಲ್ಲರೂ ಗಟ್ಟಿಗಿತ್ತಿ ಎಂದರು. ಈಗ ಎಂಟು ತಿಂಗಳಾಯಿತು. ಆಸ್ಪತ್ರೆಯಿಂದ ಅಪ್ಪ ಕಳಿಸಿದ್ದ ಕೊನೆಯ ಧ್ವನಿಸಂದೇಶವನ್ನು ಇನ್ನೂ ತೆರೆದಿಲ್ಲ. ಅಳುವೂ ಬರುವುದಿಲ್ಲ. ನನಗೆ ಪ್ರೀತಿಯೇ ಇರಲಿಲ್ಲವೇ ಡಾಕ್ಟರೇ?

ಉತ್ತರ: ಪ್ರೀತಿ ಇಲ್ಲದವರು ಒಂದು ಸಂದೇಶವನ್ನು ಎಂಟು ತಿಂಗಳು ಹಾಗೆ ಕಾಪಾಡಿಕೊಳ್ಳುವುದಿಲ್ಲ. ಸಾವನ್ನು ಮನಸ್ಸು ನಂಬುವುದು ಹೇಳಿದ ಮಾತಿನಿಂದಲ್ಲ, ಕಣ್ಣಾರೆ ಕಂಡಾಗ, ಕೈಯಾರೆ ಅಂತ್ಯಸಂಸ್ಕಾರ ಮಾಡಿದಾಗ, ಬಂದವರು ಪಕ್ಕದಲ್ಲಿ ಕೂತು ಅತ್ತಾಗ. ಈ ಮೂರನ್ನೂ ಪಿಡುಗು ನಿಮ್ಮಿಂದ ಕಿತ್ತುಕೊಂಡಿತು. ಅಳಲು ಬೇಕಾದ ಹೊತ್ತಿನಲ್ಲಿ ನೀವು ಪರೀಕ್ಷೆ ಬರೆದಿರಿ, ಬಹುಶಃ ಮನೆಯಲ್ಲಿ ಅಮ್ಮನನ್ನು ನೋಡಿಕೊಂಡಿರಿ. ಗಟ್ಟಿಗಿತ್ತಿ ಎಂಬ ಹೊಗಳಿಕೆ ಬಂದ ಮೇಲೆ ಅಳುವುದಕ್ಕೆ ದಾರಿಯೂ ಮುಚ್ಚಿಹೋಯಿತು. ದುಃಖ ಮರಗಟ್ಟಿ ಕೂರುವುದು ಸಾಮಾನ್ಯ ಸಂಗತಿ, ಮತ್ತು ಕಣ್ಣೀರಿನ ಪ್ರಮಾಣದಿಂದ ಪ್ರೀತಿಯನ್ನು ಅಳೆಯಲಾಗದು.

ತಪ್ಪಿಹೋದ ವಿದಾಯವನ್ನು ತಡವಾಗಿಯಾದರೂ ಹೇಳಬಹುದು. ಅಪ್ಪನನ್ನು ಬಲ್ಲವರನ್ನು, ಅವರ ಸಹೋದ್ಯೋಗಿಗಳನ್ನು, ಹಳೆಯ ಗೆಳೆಯರನ್ನು ಒಂದು ದಿನ ಸೇರಿಸಿ. ನಿಮಗೆ ಗೊತ್ತಿಲ್ಲದ ಅಪ್ಪನ ಕಥೆಗಳನ್ನು ಅವರು ಹೇಳಲಿ. ಅವರಿಗೆ ಹೇಳಬೇಕಿದ್ದುದನ್ನು ಕಾಗದದ ಮೇಲೆ ಬರೆಯಿರಿ, ಸಿಟ್ಟನ್ನೂ ಸೇರಿಸಿ, ಏಕೆಂದರೆ ಬಿಟ್ಟು ಹೋದವರ ಮೇಲೆ ಸಿಟ್ಟೂ ಬರುತ್ತದೆ. ಧ್ವನಿಸಂದೇಶವನ್ನು ಕೇಳಲೇಬೇಕೆಂದು ನಾನು ಹೇಳಲಾರೆ. ಕೇಳಬೇಕೆನಿಸಿದ ದಿನ ಒಬ್ಬರೇ ಕೇಳಬೇಡಿ, ನಂಬಿಕೆಯವರೊಬ್ಬರು ಪಕ್ಕದಲ್ಲಿರಲಿ. ಅದಕ್ಕೆ ಮೊದಲು ಅದರ ಪ್ರತಿಯೊಂದನ್ನು ಬೇರೆಡೆ ಉಳಿಸಿಕೊಳ್ಳಿ. ಫೋನ್ ಕೆಟ್ಟು ಇಂಥ ಧ್ವನಿಗಳು ಕಳೆದುಹೋಗುವುದುಂಟು, ಆ ನೋವು ಬೇರೆಯೇ.

2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿಯು ದೀರ್ಘಕಾಲದ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ. ಅದರ ಪ್ರಕಾರ, ಆರು ತಿಂಗಳು ದಾಟಿದ ಮೇಲೂ ತೀವ್ರ ಹಂಬಲ, ಮರಗಟ್ಟಿದ ಭಾವ, ಸಾವನ್ನು ಒಪ್ಪಲಾಗದಿರುವುದು ಮುಂದುವರಿದು, ಅದರಿಂದ ಓದು, ಒಡನಾಟಗಳು ಕುಂಟುತ್ತಿದ್ದರೆ ನೆರವು ಪಡೆಯಬೇಕು. ನಿಮ್ಮ ಓದು ಸಾಗಿದೆ, ಒಳಗಿನದು ಸಾಗಿಲ್ಲ. ಶೋಕದ ವಿಷಯದಲ್ಲಿ ಅನುಭವವಿರುವ ಆಪ್ತಸಮಾಲೋಚಕರನ್ನು ಒಮ್ಮೆ ಭೇಟಿಯಾಗಿ.

ಪ್ರಶ್ನೆ: ನನ್ನ ಗೆಳತಿ ರಾತ್ರಿ ಎರಡು ಗಂಟೆಗೆ ‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’ ಎಂದು ವಾಟ್ಸ್‌ಆ್ಯಪ್ ಮಾಡಿ, ಬೆಳಗ್ಗೆ ಅದನ್ನು ಅಳಿಸಿ ‘ಸುಮ್ಮನೆ ಬರೆದೆ’ ಎಂದಳು. ಅವಳ ಮನೆಯಲ್ಲಿ ಸಾಲದ ತೊಂದರೆಯಿದೆ, ಎರಡು ವಿಷಯ ಫೇಲಾಗಿದ್ದಾಳೆ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ನಾನೇನು ಮಾಡಲಿ?

ಉತ್ತರ: ಈ ಪತ್ರಕ್ಕೆ ತಲುಪಿದ ದಿನವೇ ಇ-ಮೇಲಿನಲ್ಲಿ ಉತ್ತರಿಸಿದ್ದೇನೆ. ಇದೇ ಸ್ಥಿತಿಯಲ್ಲಿ ಇತರರೂ ಇರಬಹುದಾದ್ದರಿಂದ ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಆಣೆಯನ್ನು ಮುರಿಯಿರಿ. ಜೀವದ ಪ್ರಶ್ನೆ ಬಂದಾಗ ಗುಟ್ಟು ಕಾಯುವುದು ಸ್ನೇಹವಲ್ಲ. ಅವಳು ಕೆಲವು ದಿನ ಮಾತು ಬಿಟ್ಟರೂ ಬಿಡಲಿ. ಇವತ್ತೇ ಅವಳಿಗೆ ಕರೆ ಮಾಡಿ, ಸಾಧ್ಯವಿದ್ದರೆ ಹೋಗಿ ಕಾಣಿ, ನೇರವಾಗಿ ಕೇಳಿ: ‘ಸಾಯಬೇಕು ಅಂತ ಯೋಚನೆ ಬರುತ್ತಿದೆಯಾ? ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ, ಆದರೆ ಅದು ನಿಜವಲ್ಲ. ಒಬ್ಬರಾದರೂ ಕೇಳಿದರಲ್ಲ ಎಂದು ಎಷ್ಟೋ ಮಂದಿಗೆ ಉಸಿರು ಬಂದಂತಾಗುತ್ತದೆ. ಅವಳು ಹೇಳುವುದನ್ನು ಕೇಳಿಸಿಕೊಳ್ಳಿ. ‘ಅಪ್ಪ ಅಮ್ಮನ ಬಗ್ಗೆ ಯೋಚಿಸು’, ‘ನಿನಗೇನು ಕಡಿಮೆ’ ಎಂಬ ಮಾತುಗಳು ಬೇಡ, ಏಕೆಂದರೆ ತಾನೊಂದು ಹೊರೆ ಎಂದು ಈಗಾಗಲೇ ನಂಬಿದವಳಿಗೆ ಅವು ಇನ್ನಷ್ಟು ಭಾರ ಹೇರುತ್ತವೆ.

ಉಪಾಯವೊಂದನ್ನು ಯೋಚಿಸಿಟ್ಟಿದ್ದಾಳೆ ಎಂದು ತಿಳಿದರೆ ಅವಳನ್ನು ಕ್ಷಣಕಾಲವೂ ಒಬ್ಬಳೇ ಬಿಡಬೇಡಿ. ಮನೆಯ ಹಿರಿಯರೊಬ್ಬರಿಗೆ ತಿಳಿಸಿ, ಹಾನಿಮಾಡಿಕೊಳ್ಳಬಹುದಾದ ವಸ್ತುಗಳನ್ನು ಅವಳ ಕೈಗೆ ಸಿಗದಂತೆ ಇಡಿಸಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸಾಯಬೇಕೆಂಬ ತೀವ್ರ ತುಡಿತ ಬಹುಮಟ್ಟಿಗೆ ಅಲ್ಪಕಾಲದ್ದು. ಆ ಹೊತ್ತು ದಾಟಿಸುವುದೇ ಚಿಕಿತ್ಸೆಯ ಮೊದಲ ಅರ್ಧ. ಅಂಥ ತುರ್ತು ಇಲ್ಲವೆನಿಸಿದರೂ ಇದೇ ವಾರ ಮನೋವೈದ್ಯರ ಭೇಟಿ ಆಗಲಿ, ಜೊತೆಗೆ ನೀವು ಹೋಗಿ. ರಾತ್ರಿ ಹೊತ್ತಿಗೆ ಆತ್ಮಹತ್ಯೆ ತಡೆ ಸಹಾಯವಾಣಿಯ ಸಂಖ್ಯೆಯನ್ನು ಇಬ್ಬರ ಫೋನಿನಲ್ಲಿಯೂ ಉಳಿಸಿಕೊಳ್ಳಿ. ಫೇಲಾದ ವಿಷಯಗಳಿಗೆ ಮರುಪರೀಕ್ಷೆ, ಶುಲ್ಕಕ್ಕೆ ಕಂತು ಕೇಳುವ ಕೆಲಸವನ್ನು ಅವಳ ಪರವಾಗಿ ಒಬ್ಬ ಅಧ್ಯಾಪಕರು ವಹಿಸಿಕೊಂಡರೆ ಭಾರದಲ್ಲಿ ಒಂದು ಪಾಲು ಕೂಡಲೇ ಇಳಿಯುತ್ತದೆ. ಆತ್ಮಹತ್ಯೆಯ ಯೋಚನೆಯ ಹಿಂದೆ ಇಂಥ ಲೌಕಿಕ ಕಷ್ಟಗಳಿರುವಾಗ ಬರಿಯ ಸಾಂತ್ವನದಿಂದ ಪ್ರಯೋಜನವಿಲ್ಲ. ಇಷ್ಟೆಲ್ಲವನ್ನೂ ನೀವೊಬ್ಬರೇ ಹೊರಬೇಕಿಲ್ಲ. ಹಿರಿಯರಿಗೆ ಒಪ್ಪಿಸಿದ ಮೇಲೆ ನೀವೂ ನಿದ್ದೆ ಮಾಡಿ.

ಪ್ರಶ್ನೆ: ಕಾಲೇಜು ತೆರೆದಿದೆ. ಇಷ್ಟು ದಿನ ಇದಕ್ಕಾಗಿ ಹಂಬಲಿಸಿದವಳು ಈಗ ತರಗತಿಯ ಬಾಗಿಲಲ್ಲಿ ನಿಂತರೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಕೈ ಜೋಮುಗಟ್ಟುತ್ತದೆ. ಮೂರು ಬಾರಿ ವಾಪಸ್ ಬಂದಿದ್ದೇನೆ. ಹೃದಯದ ತೊಂದರೆಯಿರಬಹುದೇ?

ಉತ್ತರ: ಒಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಿ ಹೃದಯ, ಥೈರಾಯ್ಡ್, ರಕ್ತಹೀನತೆಗಳ ಸಂಶಯ ನಿವಾರಿಸಿಕೊಳ್ಳಿ. ಅವು ಸರಿಯಿದ್ದರೆ ಇದು ಆತಂಕದ ಅಲೆ. ಗಾಬರಿಯಲ್ಲಿ ಉಸಿರಾಟದ ವೇಗ ಹೆಚ್ಚಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಕೈ ಜೋಮುಗಟ್ಟುವುದು ಅದರಿಂದ. ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ನೀವು ಬಾಗಿಲಿನಿಂದ ಹಿಂದಿರುಗಿದಾಗಲೆಲ್ಲ ಅದು ಇಳಿಯುವುದನ್ನು ಕಾಣುವ ಅವಕಾಶ ತಪ್ಪಿದೆ, ಹಿಂದಿರುಗಿದ್ದರಿಂದಲೇ ಬದುಕಿದೆ ಎಂದು ಮೆದುಳು ಕಲಿತಿದೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗಿ: ಮೊದಲು ತರಗತಿ ಖಾಲಿಯಿರುವಾಗ ಗೆಳತಿಯೊಡನೆ ಒಳಗೆ ಕುಳಿತು ಬನ್ನಿ, ಆಮೇಲೆ ಕಡಿಮೆ ಜನರ ಪ್ರಾಯೋಗಿಕ ತರಗತಿ, ಆಮೇಲೆ ಕೊನೆಯ ಬೆಂಚಿನಲ್ಲಿ ಬಾಗಿಲ ಪಕ್ಕ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಪ್ರತಿ ಹಂತದಲ್ಲಿಯೂ ಭಯ ಅರ್ಧಕ್ಕಾದರೂ ಇಳಿಯುವವರೆಗೆ ಅಲ್ಲಿಯೇ ಇರುವುದು ಮುಖ್ಯ. ತಿಂಗಳಾದರೂ ಹಿಡಿತಕ್ಕೆ ಬಾರದಿದ್ದರೆ ವರ್ತನಾ ಚಿಕಿತ್ಸೆ ಇದೆ, ಔಷಧಿಯೂ ಇದೆ. ಆತಂಕಕ್ಕೂ ಖಿನ್ನತೆಗೂ ಸಾಮಾನ್ಯವಾಗಿ ಮೊದಲು ಕೊಡುವ ಔಷಧಿಗಳು ಕೆಲಸ ಆರಂಭಿಸಲು ಕೆಲವು ವಾರ ಬೇಕು, ಅವು ನಿದ್ರೆ ಮಾತ್ರೆಗಳಂತೆ ಚಟವಾಗುವಂಥವಲ್ಲ. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು, ಅಷ್ಟೆ.

ಪ್ರಶ್ನೆ: ಕೋವಿಡ್ ಬಂದು ಹೋಗಿ ನಾಲ್ಕು ತಿಂಗಳಾಯಿತು. ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಮೆಟ್ಟಿಲು ಹತ್ತಿದರೆ ಸುಸ್ತು. ಎಲ್ಲರೂ ಮನಸ್ಸಿನದ್ದು ಎನ್ನುತ್ತಾರೆ.

ಉತ್ತರ: ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಸೋಂಕು ತಗುಲಿದ ಮೂರು ತಿಂಗಳ ಹೊತ್ತಿಗೆ ಕಾಣಿಸಿಕೊಂಡು ಎರಡು ತಿಂಗಳಾದರೂ ಉಳಿಯುವ ದಣಿವು, ಉಸಿರುಕಟ್ಟುವಿಕೆ, ಮಂಕುತನಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿಯೆಂದು ವಿವರಿಸಿದೆ. ಮನೋವೈದ್ಯರಿಗಿಂತ ಮೊದಲು ಫಿಸಿಶಿಯನ್ ಬಳಿ ಹೋಗಿ. ಸುಸ್ತನ್ನು ಮೀರಿ ಮೈಮುರಿದು ದುಡಿಯುವ ಹಟ ಬೇಡ. ವೈದ್ಯರ ಪತ್ರ ಪಡೆದು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಿ.

ಪ್ರಶ್ನೆ: ನಾನು ಪದವಿ ಕಾಲೇಜಿನ ಅಧ್ಯಾಪಕ. ಅರವತ್ತು ಮಕ್ಕಳ ತರಗತಿಯಲ್ಲಿ ಯಾರು ಕಷ್ಟದಲ್ಲಿದ್ದಾರೆಂದು ತಿಳಿಯುವುದು ಹೇಗೆ? ನಾನು ಮನಶ್ಶಾಸ್ತ್ರ ಓದಿದವನಲ್ಲ.

ಉತ್ತರ: ಓದಿರಬೇಕಾಗಿಲ್ಲ ಸರ್, ನಿಮ್ಮ ಹಾಜರಿ ಪುಸ್ತಕವೇ ಸಾಕು. ಮಹಾಪಿಡುಗಿನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಶೇ. 25ರಷ್ಟು ಏರಿತೆಂದೂ ಹೆಚ್ಚು ಪೆಟ್ಟು ತಿಂದವರು ಯುವಜನರು ಮತ್ತು ಮಹಿಳೆಯರೆಂದೂ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹಾಗಾಗಿ ನಿಮ್ಮ ತರಗತಿಯಲ್ಲಿ ಇದ್ದಾರೆಯೇ ಎಂಬ ಪ್ರಶ್ನೆ ಬೇಡ, ಇದ್ದೇ ಇರುತ್ತಾರೆ. ನಿಯಮಿತವಾಗಿ ಬರುತ್ತಿದ್ದು ಹಠಾತ್ತನೆ ನಿಂತವರು, ಚೆನ್ನಾಗಿ ಬರೆಯುತ್ತಿದ್ದು ಅಸೈನ್‌ಮೆಂಟ್ ಕೊಡುವುದನ್ನೇ ಬಿಟ್ಟವರು, ಗುಂಪಿನಲ್ಲಿ ಮಾತನಾಡುತ್ತಿದ್ದು ಮೌನವಾದವರು, ಈ ಮೂರು ಬಗೆಯವರನ್ನು ಗುರುತಿಸಿಕೊಳ್ಳಿ. ಹಾಜರಿ ಕೊರತೆಯ ನೋಟಿಸ್ ಪೋಷಕರಿಗೆ ಹೋಗುವ ಮೊದಲು ವಿದ್ಯಾರ್ಥಿಗೆ ನೀವೇ ಒಂದು ಫೋನ್ ಮಾಡಿ. ‘ಯಾಕೆ ಬರಲಿಲ್ಲ’ ಎಂಬುದರ ಬದಲು ‘ಎರಡು ವಾರದಿಂದ ಕಾಣಲಿಲ್ಲ, ಹೇಗಿದ್ದೀರಿ’ ಎಂದು ಮಾತು ತೆಗೆಯಿರಿ. ಫೀಸು, ಡೇಟಾ, ಮನೆಯಲ್ಲಿ ಕಾಯಿಲೆ, ಒಂದೇ ಫೋನಿನಲ್ಲಿ ಮೂವರು ಮಕ್ಕಳ ಪಾಠ, ಕಾರಣಗಳಲ್ಲಿ ಅರ್ಧದಷ್ಟು ಇಂಥವೇ ಇರುತ್ತವೆ, ಅವುಗಳಿಗೆ ಬೇಕಾದದ್ದು ಕಾಲೇಜಿನ ಒಂದು ಸಹಿ. ಉಳಿದವರನ್ನು ಆಪ್ತಸಮಾಲೋಚಕರಿಗೆ ಕಳಿಸಿ. ಕಳಿಸುವಾಗ ಸ್ಟಾಫ್‌ರೂಮಿನಲ್ಲಿ ಹೆಸರು ಎತ್ತಬೇಡಿ. ಒಂದು ಹೆಸರು ಹೊರಬಿದ್ದರೆ ಆ ವರ್ಷ ಎರಡನೆಯವರು ನಿಮ್ಮ ಬಳಿ ಬರುವುದಿಲ್ಲ.